ಅಳೆಯದ ಹತ್ತೊಂಬತ್ತು ದಿನ

ಜುಲೈ 4

ಪ್ರೀತಿಯ ಅಕ್ಕ,

ಈ ಕಾಗದ ನೋಡಿ ಗಾಬರಿಯಾಗಬೇಡ. ಅಪ್ಪ ಚೆನ್ನಾಗಿದ್ದಾರೆ. ಮಂಡಿ ಮಾತ್ರ ಪೂರ್ತಿ ಕೈಕೊಟ್ಟಿದೆ. ಅಣೆಕಟ್ಟಿನ ಮೆಟ್ಟಿಲು ಇಳಿಯಲು ಆಗುವುದಿಲ್ಲ. ಅದಕ್ಕೆ ಒಂದು ತಿಂಗಳಿಂದ ಅವರ ಬದಲು ನಾನೇ ಕೊಳವೆಗಳನ್ನು ಅಳೆಯುತ್ತಿದ್ದೇನೆ.

ಫೋನು ಮಾಡಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಡುಗೆ ಮನೆಯ ಕಿಟಕಿಯ ಹತ್ತಿರ ಮಾತ್ರ, ಅಪ್ಪನ ಕುರ್ಚಿಯೂ ಅಲ್ಲೇ. ನಿನ್ನ ಹೆಸರು ಎತ್ತಿದರೆ ಅವರು ಎದ್ದು ಹೊರಗೆ ಹೋಗುತ್ತಾರೆ. ಮಂಡಿ ನೋವು ಅಂತ ನಾನು ನಿನ್ನ ಹೆಸರು ಎತ್ತುವುದಿಲ್ಲ.

ಕೆಲಸ ಕಷ್ಟದ್ದಲ್ಲ. ನಿನಗೆ ನೆನಪಿರಬಹುದು, ಮಣ್ಣಿನ ಕಟ್ಟೆಯ ಇಳಿಜಾರಿನಲ್ಲಿ ಹನ್ನೆರಡು ಕಬ್ಬಿಣದ ಕೊಳವೆ ನೆಟ್ಟಿದ್ದಾರೆ. ಮುಚ್ಚಳ ತೆಗೆದು ಟೇಪು ಬಿಡಬೇಕು. ತುದಿಯಲ್ಲಿರುವ ಹಿತ್ತಾಳೆ ಗುಂಡು ನೀರಿಗೆ ತಾಗಿದರೆ ಗುಳುಕ್ ಅನ್ನುತ್ತದೆ. ಒಳಗೆ ಎಷ್ಟು ಇಂಚು ನೀರು ನಿಂತಿದೆ ಎಂದು ಪುಸ್ತಕದಲ್ಲಿ ಬರೆಯಬೇಕು. ಕೊಳವೆ ಒಣಗಿದ್ದರೆ ಸೊನ್ನೆ. ನೀರು ಹೆಚ್ಚಾದರೆ ಕಟ್ಟೆಯೊಳಗೆ ಎಲ್ಲೋ ಜಿನುಗುತ್ತಿದೆ ಎಂದು ಅರ್ಥ. ಕಟ್ಟೆಯ ಕೆಳಗೇ ನಮ್ಮ ನಲವತ್ತು ಮನೆ ಇವೆಯಲ್ಲ, ಅದಕ್ಕೆ ಬೆಳಿಗ್ಗೆ ಆರೂ ಹತ್ತಕ್ಕೆ ತಪ್ಪದೆ ಅಳೆಯಬೇಕು.

ಈಗ ನನ್ನ ತೊಂದರೆ ಕೇಳು. ಹೋದ ವಾರ ಒಂಬತ್ತನೇ ಕೊಳವೆಯ ಮುಚ್ಚಳದಲ್ಲಿ ಕಣಜ ಗೂಡು ಕಟ್ಟಿತ್ತು. ಎರಡು ಕಡೆ ಕಚ್ಚಿಸಿಕೊಂಡು ಓಡಿ ಬಂದೆ. ಅಳೆಯಲಿಲ್ಲ. ಆ ಚೌಕದಲ್ಲಿ ಒಂದು ಅಡ್ಡಗೆರೆ ಎಳೆದೆ. ನಿಮ್ಮ ಮುಖ್ಯ ಕಚೇರಿಯಿಂದ ಅಚ್ಚಾಗಿ ಬಂದ ಹಾಳೆಯಲ್ಲಿ ನೋಡಿದರೆ ಅಲ್ಲಿ ಸೊನ್ನೆ ಇದೆ! ಒಂಬತ್ತು ಒಣಗಿದೆಯಂತೆ. ಒಣಗಿದೆ ಎಂದು ನಾನು ಯಾವಾಗ ಹೇಳಿದೆ? ನೋಡಿಲ್ಲ ಎಂದೆ ಅಷ್ಟೆ. ಈ ಅಂಕಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕುವ ಪ್ರೋಗ್ರಾಂ ಬರೆದವಳು ನೀನೇ ಎಂದು ಕಚೇರಿಯ ಜೀಪಿನವರು ಹೇಳಿದರು. ನೀನಾದರೆ ಬೈಯುವುದಿಲ್ಲ ಎಂದು ಬರೆಯುತ್ತಿದ್ದೇನೆ. ಅವರು ಅಂಕಿಯ ಹಾಳೆ ಒಯ್ಯುವ ಚೀಲದಲ್ಲೇ ಈ ಕಾಗದ ಇಟ್ಟಿದ್ದೇನೆ.

ನಿನ್ನ ತಂಗಿ

---

ಜುಲೈ 16

ಇರುವೆ,

ನಿನ್ನನ್ನು ಹಾಗೆ ಕರೆದು ಎಷ್ಟು ವರ್ಷವಾಯಿತು. ಈಗಲೂ ಒಂದು ಕಡೆ ಕೂರುವುದಿಲ್ಲವೇ?

ತಪ್ಪು ನನ್ನದು, ನಿನ್ನದಲ್ಲ. ನಿನ್ನ ಅಡ್ಡಗೆರೆ ಕಂಡಾಗ ನನ್ನ ಪ್ರೋಗ್ರಾಂ ಏನು ಮಾಡಬೇಕೆಂದು ತಿಳಿಯದೆ ಸೊನ್ನೆ ಹಾಕಿಕೊಂಡಿತು. ಇಷ್ಟು ವರ್ಷ ನಿಮ್ಮ ಕಟ್ಟೆಯಿಂದ ಒಂದೇ ಒಂದು ಅಡ್ಡಗೆರೆ ಬಂದಿರಲಿಲ್ಲ, ಆದ್ದರಿಂದ ನನಗೂ ಗೊತ್ತಾಗಲಿಲ್ಲ. ಸೊನ್ನೆ ಎಂದರೆ 'ನೋಡಿದೆ, ನೀರಿಲ್ಲ'. ಅಡ್ಡಗೆರೆ ಎಂದರೆ 'ನೋಡಿಲ್ಲ'. ಎರಡಕ್ಕೂ ಅಜಗಜಾಂತರ.

ನನಗಿಂತ ಮೊದಲು ಇಲ್ಲಿದ್ದವರು ನೋಡದ ದಿನಕ್ಕೆಲ್ಲ ಮೈನಸ್ 999 ಎಂದು ಬರೆಯುತ್ತಿದ್ದರು. ಯಾವ ಕೊಳವೆಯಲ್ಲೂ ಅಂಥ ನೀರು ಇರಲು ಸಾಧ್ಯವಿಲ್ಲವಲ್ಲ, ನೋಡಿದವರಿಗೆ ತಾನೇ ತಿಳಿಯುತ್ತದೆ ಎಂದು. ಆಮೇಲೆ ಬಂದವರೊಬ್ಬರು ತಿಳಿಯದೆ ಅದನ್ನೂ ಸೇರಿಸಿ ಸರಾಸರಿ ತೆಗೆದರು. ಒಂದು ಅಣೆಕಟ್ಟಿನಲ್ಲಿ ನೀರು ನೆಲದಡಿಗೆ ಇಪ್ಪತ್ತು ಅಡಿ ಇಳಿದಿದೆ ಎಂದು ಮೇಲಿನವರಿಗೆ ವರದಿ ಹೋಯಿತು. ಸರಾಸರಿ ತೆಗೆದವರನ್ನು ಇವತ್ತಿಗೂ 'ಪಾತಾಳ' ಎಂದೇ ಕರೆಯುತ್ತಾರೆ.

ಕಂಪ್ಯೂಟರಿನಲ್ಲಿ ಇದಕ್ಕೆಂದೇ ಒಂದು ವಿಶೇಷ ಗುರುತು ಇದೆ. ಅದು ಅಂಕಿಗಳ ಸಾಲಿನಲ್ಲೇ ಕೂರುತ್ತದೆ, ಆದರೆ ಅಂಕಿಯಲ್ಲ. ಅದರ ಜೊತೆ ಏನನ್ನು ಕೂಡಿಸಿದರೂ ಉತ್ತರವೂ ಅದೇ ಆಗುತ್ತದೆ. ಒಂದು ಗೊತ್ತಿಲ್ಲದಿದ್ದರೆ ಮೊತ್ತವೂ ಗೊತ್ತಿಲ್ಲ, ಅಷ್ಟೇ ನ್ಯಾಯ. ಅದನ್ನು ಪತ್ತೆ ಹಚ್ಚುವ ಬಗೆ ನಿನಗೆ ಇಷ್ಟವಾಗುತ್ತದೆ. ಪ್ರತಿ ಚೌಕವನ್ನೂ 'ನೀನು ನಿನಗೆ ಸಮನೇ?' ಎಂದು ಕೇಳುವುದು. ಐದು ಐದಕ್ಕೆ ಸಮ. ಸೊನ್ನೆಯೂ ಸೊನ್ನೆಗೆ ಸಮ. ಈ ಗುರುತು ಮಾತ್ರ 'ಅಲ್ಲ' ಎನ್ನುತ್ತದೆ. ಅಲ್ಲ ಎಂದ ಕೂಡಲೇ ಸಿಕ್ಕಿಬಿತ್ತು ಎಂದು ಲೆಕ್ಕ.

ಪ್ರೋಗ್ರಾಂ ತಿದ್ದಿದ್ದೇನೆ. ಇನ್ನು ಧೈರ್ಯವಾಗಿ ಅಡ್ಡಗೆರೆ ಎಳೆ. ನೋಡದಿದ್ದರೆ ನೋಡಿಲ್ಲ ಎನ್ನುವುದಕ್ಕೆ ಹೆದರಬೇಡ. ಕಣಜ ಕಚ್ಚಿದ ಕಡೆ ಸುಣ್ಣ ಹಚ್ಚಿದೆಯಾ?

ಅಕ್ಕ

---

ಆಗಸ್ಟ್ 2

ಅಕ್ಕ,

ಅಪ್ಪ ನನ್ನ ಪುಸ್ತಕ ನೋಡಿಬಿಟ್ಟರು. ಒಂದು ತಿಂಗಳಲ್ಲಿ ಮೂರು ಅಡ್ಡಗೆರೆ ಇದ್ದವು. ಅವರ ಮುಖ ಕೆಂಪಾಯಿತು.

"ಇಪ್ಪತ್ತೆಂಟು ವರ್ಷ ಒಂದು ಚೌಕ ಖಾಲಿ ಬಿಟ್ಟಿಲ್ಲ ನಾನು. ನೀನು ಒಂದೇ ತಿಂಗಳಿಗೆ ಮೂರು ತೂತು ಮಾಡಿದ್ಯಲ್ಲ!" ಎಂದರು.

"ಕಣಜ ಇತ್ತಪ್ಪ," ಎಂದೆ.

"ಕಣಜ ನಂಗೆ ಕಚ್ಚಿಲ್ವಾ? ಹಾವೇ ಇತ್ತು ಒಂದ್ಸಲ."

ಗೋಡೆಯ ಮೇಲಿನ ಪ್ರಶಸ್ತಿ ಪತ್ರ ತೋರಿಸಿದರು. 'ಒಂದು ದಿನವೂ ತಪ್ಪದ ಸೇವೆಗಾಗಿ' ಎಂದು ಅದರಲ್ಲಿ ಬರೆದಿದೆ. ಅದರ ಗಾಜನ್ನು ಅವರು ದಿನಾ ಒರೆಸುತ್ತಾರೆ. ನಾನು ತಲೆ ತಗ್ಗಿಸಿ ಪಾತ್ರೆ ತೊಳೆಯಲು ಹೋದೆ.

ಆದರೆ ನಾನು ಬರೆಯಬೇಕೆಂದಿದ್ದು ಅದಲ್ಲ. ಏಳನೇ ಕೊಳವೆಯ ವಿಷಯ. ಕಾಲುವೆಗೆ ನೀರು ಬಿಟ್ಟಿರುವುದರಿಂದ ಜಲಾಶಯ ಇಳಿಯುತ್ತಿದೆ. ಜಲಾಶಯ ಇಳಿದರೆ ಎರಡು ಮೂರು ದಿನದಲ್ಲಿ ಕೊಳವೆಗಳೂ ಇಳಿಯಬೇಕು. ಹನ್ನೊಂದು ಇಳಿದಿವೆ. ಏಳನೆಯದು ಏರುತ್ತಿದೆ. ಹದಿನೈದು ದಿನದ ಹಿಂದೆ 38 ಇಂಚು, ಇವತ್ತು 46. ಟೇಪು ಸರಿಯಿಲ್ಲವೇನೋ ಎಂದು ಬೇರೆ ಟೇಪು ತಂದು ಅಳೆದೆ. ಮತ್ತೆ 46.

ನಿಮ್ಮ ಹಾಳೆಯಲ್ಲಿ ಮಾತ್ರ ಏಳರ ಎದುರು 'ಮಾಮೂಲು' ಎಂದೇ ಬರುತ್ತಿದೆ. ಕಂಪ್ಯೂಟರಿಗೆ ಹೆದರಿಕೆಯಿಲ್ಲದ ಮೇಲೆ ನನಗೇಕೆ ಎಂದು ಸುಮ್ಮನಿರಲು ನೋಡಿದೆ. ಆಗುತ್ತಿಲ್ಲ. ಊಟಕ್ಕೆ ಕೂತರೆ ಎದ್ದು ಹೋಗಿ ನೋಡಿ ಬರೋಣ ಎನಿಸುತ್ತದೆ. ಬಟ್ಟೆ ಒಗೆಯುವಾಗ ಕಟ್ಟೆಯ ಕಡೆಗೇ ಕಣ್ಣು. ಕೆಳಗಿನ ಬೀದಿಯಲ್ಲಿ ಮಕ್ಕಳು ಆಡುತ್ತಿದ್ದರೆ ಬೇರೆ ಕಡೆ ಹೋಗಿ ಆಡಿ ಎಂದು ಅಟ್ಟುತ್ತೇನೆ. ಬೇಗ ಬರೆ.

ಇರುವೆ

---

ಆಗಸ್ಟ್ 11

ಇರುವೆ,

ಐದು ದಿನ ಕೂತು ಹುಡುಕಿದೆ. ನಿಧಾನವಾಗಿ ಓದು.

ನನ್ನ ಪ್ರೋಗ್ರಾಂ ಹಳೆಯ ವರ್ಷಗಳನ್ನು ನೋಡಿ ಕಲಿಯುತ್ತದೆ. ಜಲಾಶಯ ಇಷ್ಟು ಇಳಿದಾಗಲೂ ಏಳನೇ ಕೊಳವೆಯ ನೀರು ಇಷ್ಟು ಮೇಲೆ ಇದ್ದದ್ದು ಹಿಂದೆ ಎಂದಾದರೂ ಉಂಟೇ ಎಂದು ಕೇಳಿಕೊಳ್ಳುತ್ತದೆ. ಇದ್ದರೆ 'ಮಾಮೂಲು', ಇಲ್ಲದಿದ್ದರೆ 'ಅಪಾಯ'. ಇಪ್ಪತ್ತೆಂಟು ವರ್ಷದಲ್ಲಿ ಒಂದೇ ಒಂದು ಸಲ ಹಾಗಿತ್ತು. ಸತತ ಹತ್ತೊಂಬತ್ತು ದಿನ. ಗೇಟು ರಿಪೇರಿಗೆ ಜಲಾಶಯವನ್ನು ಒಂಬತ್ತು ಅಡಿ ಇಳಿಸಿದ್ದರು. ಆದರೂ ಅಪ್ಪನ ಕೈಬರಹದಲ್ಲಿ ಏಳನೇ ಕೊಳವೆ 57, 58, 59, ಮತ್ತೆ 58. ಏಳಷ್ಟೇ ಅಲ್ಲ, ಹನ್ನೆರಡೂ ಒಂದಿಂಚು ಆಚೆ ಈಚೆ ಆಗದೆ ನಿಂತಿವೆ.

ಎಂಟು ವರ್ಷದ ಹಿಂದಿನ ಸೆಪ್ಟೆಂಬರ್. ಎರಡರಿಂದ ಇಪ್ಪತ್ತರವರೆಗೆ.

ನಿನಗೆ ಆಗ ಹತ್ತು ವರ್ಷ, ನಿನ್ನನ್ನು ದೊಡ್ಡಮ್ಮನ ಮನೆಗೆ ಕಳಿಸಿದ್ದರು. ನಾನು ಹಾಸ್ಟೆಲಿನಲ್ಲಿದ್ದೆ. 'ಅಮ್ಮನಿಗೆ ಸ್ವಲ್ಪ ಜ್ವರ, ನೀನು ಪರೀಕ್ಷೆ ಬರೆ' ಎಂದು ಅಪ್ಪ ಒಂದು ಕಾರ್ಡು ಹಾಕಿದ್ದರು. ಆಮೇಲೆ ಏನೂ ಬರಲಿಲ್ಲ. ಕಾಗದ ಬಂದಿಲ್ಲ ಎಂದರೆ ಅಮ್ಮ ಚೆನ್ನಾಗಿದ್ದಾಳೆ ಎಂದುಕೊಂಡೆ. ಅಡ್ಡಗೆರೆಯನ್ನು ಸೊನ್ನೆ ಎಂದು ಓದಿದ್ದು ನನ್ನ ಪ್ರೋಗ್ರಾಂ ಒಂದೇ ಅಲ್ಲ.

ನಾನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಮ್ಮ ಹೋದದ್ದು ಮೂರು ಗಂಟೆ ದೂರದ ಆಸ್ಪತ್ರೆಯಲ್ಲಿ, ಇಪ್ಪತ್ತರ ಬೆಳಿಗ್ಗೆ ಎಂಟಕ್ಕೆ. ನಾಲ್ಕು ದಿನದ ನಂತರ ಮೇಜಿನ ಮೇಲೆ ಅಪ್ಪನ ಪುಸ್ತಕ ತೆರೆದಿತ್ತು. ಇಪ್ಪತ್ತನೇ ತಾರೀಖು, ಆರೂ ಹತ್ತು, ಹನ್ನೆರಡು ಕೊಳವೆ, ಹನ್ನೆರಡು ಅಂಕಿ, ಅಪ್ಪನ ಸಹಿ, ಪಕ್ಕದಲ್ಲಿ ಸಾಕ್ಷಿಗೆ ಅಣೆಕಟ್ಟಿನ ಗೇಟು ನೋಡಿಕೊಳ್ಳುವ ಮಾಮನ ಸಹಿ. "ಅಮ್ಮ ಸಾಯ್ತಾ ಇದ್ದಾಗ ನೀವು ಪೈಪು ಅಳೀತಾ ಇದ್ರಾ?" ಎಂದು ಕೇಳಿದೆ. ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಅವತ್ತೇ ಚೀಲ ತೆಗೆದುಕೊಂಡು ಹೊರಟವಳು ನಾನು. ಆಮೇಲೆ ರಜೆಗೆಲ್ಲ ದೊಡ್ಡಮ್ಮನ ಮನೆಗೇ ಹೋದೆ, ನಮ್ಮ ಮನೆಗೆ ಬರಲಿಲ್ಲ.

ಈಗ ಆ ಅಂಕಿಗಳು ನಿಜವೇ ಎಂದು ನಾನು ತಿಳಿಯಲೇಬೇಕು. ನಿಜವಾದರೆ ಏಳನೇ ಕೊಳವೆಗೆ ಹಾಗೆ ಮೇಲೆಯೇ ಇರುವ ಚಾಳಿಯಿದೆ, ಹೆದರಬೇಕಿಲ್ಲ. ಸುಳ್ಳಾದರೆ ಈಗ ಕಟ್ಟೆಯೊಳಗೆ ನೀರು ಹೊಸ ದಾರಿ ಮಾಡಿಕೊಳ್ಳುತ್ತಿದೆ. ಖಾಲಿ ಬಿಟ್ಟಿದ್ದರೆ ಪ್ರೋಗ್ರಾಂ ಹಿಡಿಯುತ್ತಿತ್ತು. ತುಂಬಿಟ್ಟ ಅಂಕಿಯನ್ನು 'ನೀನು ನಿನಗೆ ಸಮನೇ?' ಎಂದರೆ ಅದು ಹೌದೆಂದೇ ಹೇಳುತ್ತದೆ. ಅದನ್ನು ಹಿಡಿಯಲು ಯಾವ ಯಂತ್ರಕ್ಕೂ ಆಗದು. ತುಂಬಿದವರೇ ಹೇಳಬೇಕು.

ನೀನು ಕೇಳು. ನಾನು ಕೇಳಲಾರೆ.

ಅಕ್ಕ

---

ಆಗಸ್ಟ್ 17

ಅಕ್ಕ,

ಕೇಳಿದೆ. ಎರಡು ದಿನ ಬಾಯಿಗೆ ಬರಲಿಲ್ಲ, ಮೂರನೇ ದಿನ ಅವರ ಮುಂದೆ ತಟ್ಟೆ ಇಟ್ಟು, ಬೆನ್ನು ತಿರುಗಿಸಿಕೊಂಡು ಕೇಳಿದೆ. ಮುಖ ನೋಡುತ್ತಾ ಕೇಳಲು ನನ್ನ ಕೈಲಿ ಆಗಲಿಲ್ಲ.

"ಯಾರು ಕೇಳಿದ್ದು?" ಎಂದರು.

"ಆಫೀಸಿನಿಂದ."

"ಆಫೀಸಿಗೆ ಒಂದು ಹೆಸರಿರುತ್ತೆ."

ಅವರು ಊಟ ಬಿಟ್ಟು ಎದ್ದರು. ಕೋಲು ಹಿಡಿದು ಕಟ್ಟೆಯ ಕಡೆ ಹೋದರು. ಮೆಟ್ಟಿಲ ತುದಿಯಲ್ಲಿ ಕೂತು ಸಂಜೆಯವರೆಗೂ ಕೆಳಗೆ ನೋಡುತ್ತಿದ್ದರು.

ಗೇಟಿನ ಮಾಮನ ಹತ್ತಿರ ಓಡಿದೆ. ಗೇಟಿನ ಚಕ್ರಕ್ಕೆ ಎಣ್ಣೆ ಹಾಕುತ್ತಿದ್ದರು.

"ಏನಮ್ಮ ಇರುವೆ, ಸಕ್ಕರೆ ಎಲ್ಲಿ ಚೆಲ್ಲಿದೆ, ಹೀಗೆ ಓಡ್ತಿದ್ದೀಯ?" ಎಂದರು.

ವಿಷಯ ಹೇಳಿದೆ. ಅವರ ನಗು ನಿಂತುಹೋಯಿತು. ಎಣ್ಣೆ ಡಬ್ಬಿಯ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ನಂಗೆ ರಿಟೈರ್ ಆಗೋಕೆ ಇನ್ನು ಏಳು ತಿಂಗಳಿದೆ, ಮಗಳೇ," ಎಂದರು.

"ಅದಕ್ಕೂ ಇದಕ್ಕೂ ಏನು ಮಾಮ?"

"ಅದನ್ನ ನಿಮ್ಮಪ್ಪನ್ನೇ ಕೇಳು. ನನ್ನ ಸಹಿ ಇದೆ ಅಂತಾನೇ ಎಂಟು ವರ್ಷದಿಂದ ಬಾಯಿ ಬಿಡದೆ ಇರೋನು ಅವನು."

ಏಳನೇ ಕೊಳವೆ ಇವತ್ತು 49. ಈಗ ದಿನಕ್ಕೆ ಮೂರು ಸಲ ಅಳೆಯುತ್ತಿದ್ದೇನೆ. ಗುಳುಕ್ ಅನ್ನುವ ಸದ್ದು ನಿನ್ನೆಗಿಂತ ಬೇಗ ಬಂದರೆ ಎದೆಯೊಳಗೇ ಬಿದ್ದ ಹಾಗಾಗುತ್ತದೆ.

ಇರುವೆ

---

ಆಗಸ್ಟ್ 20

ಇರುವೆ,

ನಿನ್ನೆ ಫೋನಿನಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಅಪ್ಪ ಅಲ್ಲೇ ಇದ್ದರು ಎಂದು ನಿನ್ನ ದನಿಯಲ್ಲೇ ಗೊತ್ತಾಯಿತು. ನೀನು ಬರೀ ಅಂಕಿ ಹೇಳಿ ಫೋನು ಇಟ್ಟೆ.

ಮೇಲಿನ ಎಂಜಿನಿಯರ ಮುಂದೆ ಎರಡು ಸಲ ನಿಂತೆ. "ನಿನ್ನ ಪ್ರೋಗ್ರಾಮೇ ಮಾಮೂಲು ಅಂತಿದೆ, ನೀನ್ಯಾಕಮ್ಮ ಮಾಮೂಲಾಗಿಲ್ಲ?" ಎಂದು ನಕ್ಕರು. ಜಲಾಶಯ ಖಾಲಿ ಮಾಡಿಸಿದರೆ ಮೂರು ಊರಿಗೆ ಕುಡಿಯುವ ನೀರು ನಿಲ್ಲುತ್ತದೆ. ಸುಮ್ಮನೆ ಯಾರೂ ಗೇಟು ಎತ್ತುವುದಿಲ್ಲ. ಹಳೆಯ ಹತ್ತೊಂಬತ್ತು ದಿನವನ್ನು ತೆಗೆದುಹಾಕುತ್ತೇನೆ ಎಂದೆ. ಅಳೆದವರೇ 'ಅಳೆದಿಲ್ಲ' ಎಂದು ಬರೆದುಕೊಡದೆ ಅಳತೆ ಪುಸ್ತಕದ ಒಂದು ಅಂಕಿಯನ್ನೂ ಮುಟ್ಟುವಂತಿಲ್ಲ ಎಂದರು. ಸರಿಯಾದ ನಿಯಮವೇ. ನಾನೇ ಬರೆದ ನಿಯಮ ಅದು.

ಕೂತಲ್ಲಿ ಕೂರಲಾಗುತ್ತಿಲ್ಲ. ಕಚೇರಿಯ ಉದ್ದದ ಹಜಾರದಲ್ಲಿ ಹೋಗುತ್ತೇನೆ, ಬರುತ್ತೇನೆ. ನಿನಗೆ ಮಾತ್ರ ಹೇಳುತ್ತೇನೆ. ಅಪ್ಪ ಅಳೆದಿದ್ದರೆ ನೀವೆಲ್ಲ ಉಳಿದಿರಿ, ನನ್ನ ಎಂಟು ವರ್ಷದ ಸಿಟ್ಟೂ ಉಳಿಯಿತು. ಅಳೆದಿಲ್ಲದಿದ್ದರೆ ನೀವು ಅಪಾಯದಲ್ಲಿದ್ದೀರಿ. ಆಗ ಆ ಹತ್ತೊಂಬತ್ತು ದಿನ ಅವರು ಎಲ್ಲಿದ್ದರು? ಯಾವ ಉತ್ತರ ಬರಲಿ ಎಂದು ಬೇಡಿಕೊಳ್ಳುವುದೋ ತಿಳಿಯುತ್ತಿಲ್ಲ.

ನನ್ನ ಹೆಸರು ಹೇಳಿಯೇ ಕೇಳು. ಈ ಕಾಗದ ಬೇಕಾದರೆ ಓದಲು ಕೊಡು.

ಅಕ್ಕ

---

ಆಗಸ್ಟ್ 23

ಅಕ್ಕ,

ಜೀಪು ಹೊರಗೆ ನಿಂತಿದೆ, ಡ್ರೈವರು ಹಾರನ್ ಹೊಡೆಯುತ್ತಿದ್ದಾನೆ. ಚುಟುಕಾಗಿ ಬರೆಯುತ್ತೇನೆ.

ಬೆಳಿಗ್ಗೆ ಏಳನೇ ಕೊಳವೆ 54. ನೀರು ಕಲಕಿತ್ತು. ಗುಂಡಿನ ಮೇಲೆ ಕಟ್ಟೆಯೊಳಗಿನ ಮಣ್ಣು ಮೆತ್ತಿಕೊಂಡು ಬಂತು. ಒರೆಸದೆ ಹಾಗೇ ತಂದು ಅಪ್ಪನ ಅಂಗೈಯಲ್ಲಿ ಇಟ್ಟೆ. ಜೊತೆಗೆ ನಿನ್ನ ಕಾಗದ. ಅವರು ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದರು. ಕಾಗದವನ್ನು ಎರಡು ಸಲ ಓದಿದರು.

"ಆ ವರ್ಷದ ಪುಸ್ತಕ ತಾ," ಎಂದರು.

ಗೇಟಿನ ಮಾಮನನ್ನೂ ಕರೆಸಿದರು. "ನಿನ್ನ ಏಳು ತಿಂಗಳು ಹೋಗುತ್ತೋ ಏನೋ ಕಣಯ್ಯ," ಎಂದರು. ಮಾಮ ತಮ್ಮ ಜೇಬಿನಿಂದ ಪೆನ್ನು ತೆಗೆದು ಕೊಟ್ಟು, "ಹೋದ್ರೆ ಹೋಗ್ಲಿ. ನನ್ನ ಮನೇನೂ ಕಟ್ಟೆ ಕೆಳಗೇ ಇರೋದು. ಈ ವಿಷ್ಯಕ್ಕೆ ನಿನ್ನ ಪೆನ್ನು ಎಂಟು ವರ್ಷದಿಂದ ಒಣಗಿದೆ, ಇದ್ರಲ್ಲಿ ಬರಿ," ಎಂದರು.

ಅಪ್ಪ ಸ್ಕೇಲು ಇಟ್ಟು ಒಂದೊಂದೇ ಚೌಕಕ್ಕೆ ಅಡ್ಡಗೆರೆ ಎಳೆದರು. ಹತ್ತೊಂಬತ್ತು ದಿನ, ದಿನಕ್ಕೆ ಹನ್ನೆರಡು. ಇನ್ನೂರ ಇಪ್ಪತ್ತೆಂಟು ಗೆರೆ. ನಾನು ಒಟ್ಟಿಗೆ ಒಂದು ಗೆರೆ ಹೊಡೆದುಬಿಡಿ ಎಂದೆ. "ಒಂದೊಂದೇ ಬರೆದಿದ್ದು, ಒಂದೊಂದೇ ಹೊಡೀಬೇಕು" ಎಂದರು. ಪುಸ್ತಕವನ್ನೇ ಕಳಿಸುತ್ತಿದ್ದೇವೆ. ಅದರೊಳಗೆ ಅಪ್ಪ ನಿನಗೆ ಬರೆದ ಕಾಗದವಿದೆ. ನಾನು ಓದಿಲ್ಲ.

ಇರುವೆ

---

ಆಗಸ್ಟ್ 23

ದೊಡ್ಡವಳಿಗೆ ಅಪ್ಪನ ಆಶೀರ್ವಾದ.

ಎಂಟು ವರ್ಷದ ಹಿಂದೆ ಸೆಪ್ಟೆಂಬರ್ ಎರಡರಿಂದ ಇಪ್ಪತ್ತರವರೆಗೆ ನಾನು ಕೊಳವೆಗಳನ್ನು ಅಳೆದಿಲ್ಲ. ಪುಸ್ತಕದಲ್ಲಿರುವ ಅಂಕಿಗಳನ್ನು ಆಮೇಲೆ ಮನೆಯಲ್ಲಿ ಒಂದೇ ಕಡೆ ಕೂತು ಬರೆದೆ. ಗೇಟಿನವನು ನಾನು ಕೇಳಿದ್ದಕ್ಕೆ ಸಹಿ ಹಾಕಿದ. ತಪ್ಪು ನನ್ನದು. ಇದು ಕಚೇರಿಗೆ.

ಇನ್ನು ನಿನಗೆ. ಮೂರು ದಿನಕ್ಕಿಂತ ಹೆಚ್ಚು ರಜೆ ಕೊಡುವುದಿಲ್ಲ ಎಂದರು, ಬದಲಿಗೆ ಜನ ಇಲ್ಲ ಎಂದರು. ನಾನು ಕೇಳದೆ ಹೊರಟುಬಿಟ್ಟೆ. ಹತ್ತೊಂಬತ್ತು ದಿನವೂ ಆಸ್ಪತ್ರೆಯಲ್ಲಿ ನಿಮ್ಮಮ್ಮನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ದೊಡ್ಡವಳನ್ನು ಕರೆಸಲಾ ಎಂದು ದಿನಾ ಕೇಳುತ್ತಿದ್ದೆ. ಪರೀಕ್ಷೆ ಮುಗಿಯಲಿ ಎಂದು ದಿನಾ ಹೇಳುತ್ತಿದ್ದಳು. ಅವಳು ಏಳುತ್ತಾಳೆ ಎಂದುಕೊಂಡಿದ್ದೆ. ಆಮೇಲೆ ನೀನು ಪುಸ್ತಕ ನೋಡಿ ಕೇಳಿದೆ. ಇಲ್ಲ ಎಂದರೆ ಸಹಿ ಹಾಕಿದವನ ಕೆಲಸ ಹೋಗುತ್ತಿತ್ತು, ನನ್ನದೂ ಹೋಗುತ್ತಿತ್ತು, ಚಿಕ್ಕವಳಿಗೆ ಹತ್ತು ವರ್ಷ. ನೀನು ಸಿಟ್ಟಿನವಳು, ಹೇಳಿಬಿಡುತ್ತೀಯ ಎಂದು ಹೆದರಿದೆ. ನಾಲ್ಕು ದಿನದಲ್ಲಿ ಸರಿಹೋಗುತ್ತೀಯ ಎಂದುಕೊಂಡೆ. ಆಮೇಲೆ ಆ ಪ್ರಶಸ್ತಿ ಪತ್ರ ಕೊಟ್ಟರು. ಅದನ್ನು ಗೋಡೆಗೆ ಹಾಕಿದ ಮೇಲೆ ಬಾಯಿ ಬಿಡುವುದು ಇನ್ನೂ ಕಷ್ಟವಾಯಿತು.

ನನಗೆ ಅಳೆಯದೆ ಇದ್ದು ಅಭ್ಯಾಸವಿಲ್ಲ. ಪುಸ್ತಕ ಆಸ್ಪತ್ರೆಗೂ ಒಯ್ದಿದ್ದೆ. ಕೊನೆಯ ಪುಟ ತೆಗೆದು ನೋಡು. ನಿಮ್ಮಮ್ಮನ ಜ್ವರ. ಬೆಳಿಗ್ಗೆ ಆರೂ ಹತ್ತಕ್ಕೆ ಒಂದು, ಸಂಜೆ ಆರೂ ಹತ್ತಕ್ಕೆ ಒಂದು. ಇಪ್ಪತ್ತನೇ ತಾರೀಖಿನ ಬೆಳಗಿನದೂ ಇದೆ. ಸಂಜೆಯ ಚೌಕ ಖಾಲಿ. ಅದನ್ನು ನಾನು ತುಂಬಲಿಲ್ಲ.

ನಿಮ್ಮಪ್ಪ

---

ಸೆಪ್ಟೆಂಬರ್ 5

ಅಪ್ಪಾ,

ಮೊದಲು ಕಚೇರಿಯ ಮಾತು. ನಿಮ್ಮ ಪುಸ್ತಕ ಬಂದ ಅರ್ಧ ಗಂಟೆಯಲ್ಲಿ ಹತ್ತೊಂಬತ್ತು ದಿನವನ್ನೂ 'ಅಳೆದಿಲ್ಲ' ಎಂದು ಗುರುತು ಹಾಕಿದೆ. ಪ್ರೋಗ್ರಾಂ ನಡೆಸಿದ ಕೂಡಲೇ ಏಳನೇ ಕೊಳವೆಯ ಎದುರು 'ಅಪಾಯ' ಎಂದು ಬಂತು. ಎಂಜಿನಿಯರು ಹಾಳೆಯನ್ನು ಕೈಯಲ್ಲೇ ಹಿಡಿದು ಫೋನಿಗೆ ಓಡಿದರು. ಗೇಟು ಎತ್ತಿ ಜಲಾಶಯ ಇಳಿಸಿದ್ದನ್ನು ನೀವೇ ಕಂಡಿದ್ದೀರಿ. ಏಳರ ಕೆಳಗೆ ಅಗೆದಾಗ ಒಬ್ಬ ಮನುಷ್ಯ ತೋಳು ತೂರಿಸುವಷ್ಟು ದೊಡ್ಡ ಬಿಲ ಸಿಕ್ಕಿತಂತೆ. ಇನ್ನೊಂದು ವಾರ ಬಿಟ್ಟಿದ್ದರೆ ಎಂಬ ಮಾತನ್ನು ಅವರು ಪೂರ್ತಿ ಮಾಡಲಿಲ್ಲ. ಕಟ್ಟೆಯ ಕೆಳಗಿನ ನಲವತ್ತು ಮನೆಯೂ ಇದ್ದಲ್ಲೇ ಇವೆ.

ನಿಮ್ಮ ಮೇಲೂ ಮಾಮನ ಮೇಲೂ ವಿಚಾರಣೆ ನಡೆಯುತ್ತದೆ. ಏನಾಗುತ್ತದೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಬರೆಯುತ್ತಿದ್ದೇನೆ, ಸಮಾಧಾನಕ್ಕೆ ಏನನ್ನೂ ತುಂಬುವುದಿಲ್ಲ. ಪ್ರಶಸ್ತಿ ಪತ್ರವನ್ನು ಗೋಡೆಯಿಂದ ಇಳಿಸಿದಿರಿ ಎಂದು ಇರುವೆ ಹೇಳಿದಳು. ಆ ಮೊಳೆ ತೆಗೆಯಬೇಡಿ. ಅಮ್ಮನ ಫೋಟೋ ನನ್ನ ಹತ್ತಿರವಿದೆ, ಎಂಟು ವರ್ಷದಿಂದ ಪೆಟ್ಟಿಗೆಯಲ್ಲಿದೆ.

ಕೊನೆಯ ಪುಟವನ್ನು ಯಾರಿಗೂ ತೋರಿಸಲಿಲ್ಲ. ಎಲ್ಲರೂ ಊಟಕ್ಕೆ ಹೋಗಿದ್ದಾಗ ಒಬ್ಬಳೇ ಕೂತು ಆ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದೆ. ಮೂವತ್ತೇಳು ಅಳತೆ, ಒಂದು ಖಾಲಿ. ನನಗೂ ಅಳೆಯದೆ ಇದ್ದು ಅಭ್ಯಾಸವಿಲ್ಲ. ಸರಾಸರಿ ಎಷ್ಟು ಎಂದು ಕೇಳಿದೆ. 'ಗೊತ್ತಿಲ್ಲ' ಎಂದಿತು. ಖಾಲಿ ಇರುವುದನ್ನು ಬಿಟ್ಟು ಉಳಿದವುಗಳ ಸರಾಸರಿ ಹೇಳು ಎಂದು ಒಂದು ಮಾತು ಸೇರಿಸಿದ್ದರೆ ಹೇಳುತ್ತಿತ್ತು. ನಾನು ಸೇರಿಸಲಿಲ್ಲ.

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ದೊಡ್ಡಮ್ಮನ ಮನೆಗಲ್ಲ.

ನಿಮ್ಮ ದೊಡ್ಡವಳು